ಬೆರಳಿನ ಮಿಷನ್

ಮೂರನೇ ಏಟಿಗೆ ಸೌಮ್ಯ ಎಚ್ಚರಗೊಂಡಳು. ಮೊದಲ ಎರಡು ಏಟು ಬಿದ್ದಾಗ ಅವಳ ಕಾಲು ಮಾತ್ರ ಅಲುಗಿತ್ತು. ಕಣ್ಣು ಬಿಟ್ಟವಳು ಅಪ್ಪ ಕಾಟಪ್ಪನನ್ನೂ ಅವನ ಕೈಯಲ್ಲಿದ್ದ ಡೆನಿಮ್ ಪಟ್ಟಿಯನ್ನೂ ನೋಡಿ, ಅಳುವುದಕ್ಕಿಂತ ಮೊದಲು ತನ್ನ ಲಂಗವನ್ನು ಮುಟ್ಟಿ ನೋಡಿಕೊಂಡಳು. ಒದ್ದೆಯಾಗಿತ್ತು. ಮೇಜಿನಡಿ ಅವಳ ಕೆಳಗಿದ್ದ ಪ್ಯಾಂಟಿನ ತುಂಡುಗಳ ರಾಶಿಯೂ ಒದ್ದೆಯಾಗಿತ್ತು. ಬೆಳಿಗ್ಗೆಯಷ್ಟೇ ಕಾಟಪ್ಪ ಕತ್ತರಿಸಿ, ಸೀಮೆಸುಣ್ಣದಲ್ಲಿ ನಂಬರು ಬರೆದು, ಕಟ್ಟು ಕಟ್ಟಿ ಇಟ್ಟಿದ್ದ ತುಂಡುಗಳು.

"ಏಳು ವರ್ಸ ತುಂಬ್ತು. ಎಮ್ಮೆ ಕರೀಗೂ ನಿನಗಿಂತ ಬುದ್ಧಿ ಐತೆ" ಎಂದು ಕಾಟಪ್ಪ ನಾಲ್ಕನೆಯದನ್ನು ಬೆನ್ನಿಗೆ ಹಾಕಿದ. ಐದನೆಯದು ಕಿವಿಗೆ ಬಿತ್ತು.

ಹೊಲಿಗೆ ಮಿಷನ್ನುಗಳು ಒಂದೊಂದಾಗಿ ನಿಂತವು. ಯೂನಿಟ್ಟಿನ ಮೇಸ್ತ್ರಿ ಮರುಳಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕಡೆಗೆ ಸರಿಸಿಕೊಂಡು ಹತ್ತಿರ ಬಂದ. "ಕಾಟಪ್ಪ, ಇದು ಜೀನ್ಸ್ ಫ್ಯಾಕ್ಟ್ರಿ ಐತೋ, ನಿನ್ನ ಮಗಳ ತೊಟ್ಟಿಲೈತೋ? ಆ ಬಟ್ಟಿ ತೊಳದು ಒಣಗ್ಸಿ ಕೊಡು. ಸಾವ್ಕಾರ್ರು ಬಂದ್ರ ಇಬ್ರನ್ನೂ ಹೊರಗ ಹಾಕ್ತಾರ."

ದಾರ ಕತ್ತರಿಸುವ ಹೆಂಗಸರ ಸಾಲಿನಿಂದ ಸೌಭಾಗ್ಯ ಎದ್ದು ಬಂದು ಮಗಳನ್ನು ಮೇಜಿನಡಿಯಿಂದ ಎಳೆದುಕೊಂಡಳು. ಕಿವಿಯಿಂದ ರಕ್ತ ಬರುತ್ತಿದೆಯೇ ಎಂದು ನೋಡಿದಳು. ಬರುತ್ತಿರಲಿಲ್ಲ.

ಮಡಕಶಿರಾ ಕಡೆಯಿಂದ, ರತ್ನಗಿರಿಯ ಕೋಟೆಬೆಟ್ಟದ ಬುಡದ ಹಳ್ಳಿಯಿಂದ ಅವರು ರಾಯದುರ್ಗಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಕಾಟಪ್ಪನಿಗೆ ಕಟಿಂಗ್ ಗೊತ್ತಿತ್ತು. ಐವತ್ತು ಪದರ ಡೆನಿಮ್ಮನ್ನು ಒಂದೇ ಸಲ ಕತ್ತರಿಸುವ ಮಿಷನ್ನನ್ನು ಅವನು ಕೈ ನಡುಗದೆ ಓಡಿಸುತ್ತಿದ್ದ. ಮಗಳ ಗೊರಕೆ ಶುರುವಾದದ್ದು ಇಲ್ಲಿಗೆ ಬಂದ ಮೇಲೆ. ಹಳ್ಳಿಯಿಂದ ಬಂದ ಕಾಟಪ್ಪನ ತಾಯಿ ಎರ್ರಮ್ಮ ಗಂಟಲಿಗೆ ಗಾಳಿ ಸೇರಿದೆ ಎಂದು ಹೇಳಿ, ಅರಿಸಿನದ ಕೊಂಬನ್ನು ಸುಟ್ಟು, ಮಗುವಿನ ದವಡೆಯ ಕೆಳಗೆ ಎರಡೂ ಕಡೆ ಬರೆ ಹಾಕಿದ್ದಳು. ಗಾಯ ಕೀವಾಗಿ ಮಾಯುವುದಕ್ಕೆ ಒಂದು ತಿಂಗಳು ಹಿಡಿಯಿತು. ಗೊರಕೆ ನಿಲ್ಲಲಿಲ್ಲ. ಶಾಲೆಯಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಾಳೆಂದು ಅಲ್ಲಿಯ ಮೇಷ್ಟ್ರು ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು. ಅಲ್ಲಿ ಬಿದ್ದದ್ದು ಸಾಲದೆಂಬಂತೆ ಇಲ್ಲಿ ಅಪ್ಪ.

ಬಸವರಾಜೇಶ್ವರಿ ಬಂದದ್ದು ಅದೇ ವಾರ. ಕೊರಳಿಗೆ ಕಾರ್ಡು ಹಾಕಿಕೊಂಡಿದ್ದ ಆ ಹುಡುಗಿ ಬಳ್ಳಾರಿ ಕಡೆಯವಳು. ಅಲ್ಲಿಯ ದೊಡ್ಡಾಸ್ಪತ್ರೆಯ ಡಾಕ್ಟರೊಬ್ಬರು ಮಕ್ಕಳ ನಿದ್ದೆಯ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಅವರ ಕೈಕೆಳಗೆ ಇವಳು ಶಾಲೆ ಶಾಲೆ ತಿರುಗಿ ಫಾರಂ ತುಂಬುತ್ತಿದ್ದಳು. ಮೇಷ್ಟ್ರು ಕೊಟ್ಟ ಹೆಸರು ಹಿಡಿದು ಬಂದು, ಊಟದ ಹೊತ್ತಿನಲ್ಲಿ ಯೂನಿಟ್ಟಿನ ಹಿಂದೆ ಬೇವಿನ ಮರದ ಕೆಳಗೆ ಸೌಮ್ಯಳ ಬಾಯಿಗೆ ಟಾರ್ಚ್ ಬಿಟ್ಟು ನೋಡಿದಳು.

"ಗಂಟ್ಲಾಗಿನ ಎರಡೂ ಗಡ್ಡೆ ಊದಿ ಒಂದಕ್ಕೊಂದು ತಾಗ್ಯಾವ್ರಿ. ಮಲಗಿದಾಗ ಗಂಟ್ಲು ಮುಚ್ಚಿ ಹೋಗತೈತಿ. ಉಸುರು ಸಿಗದಿದ್ರ ನಿದ್ದಿ ಎಲ್ಲಿಂದ ಬರಬೇಕು? ಉಚ್ಚಿ ಹೊಯ್ಯದೂ ಅದಕ್ಕ, ಹಗಲು ತೂಕಡ್ಸದೂ ಅದಕ್ಕ." ನಂತರ ದವಡೆಯ ಕೆಳಗಿನ ಕಲೆಗಳನ್ನು ನೋಡಿದಳು. "ಇದು ಯಾರು ಮಾಡಿದ್ದು?"

"ನಮ್ಮತ್ತೆ" ಎಂದಳು ಸೌಭಾಗ್ಯ.

ಬಸವರಾಜೇಶ್ವರಿ ಫಾರಂ ಓದಿ ಹೇಳಿದಳು. ಬೆರಳಿಗೆ ಚಿಮಟದಂತೆ ಕಚ್ಚುವ ಒಂದು ಮಿಷನ್ ಕೊಡುತ್ತಾಳೆ. ರಾತ್ರಿಯೆಲ್ಲ ಅದು ರಕ್ತದಲ್ಲಿರುವ ಉಸಿರನ್ನು ಬರೆದಿಟ್ಟುಕೊಳ್ಳುತ್ತದೆ; ಉಸಿರು ಕಡಿಮೆಯಾದರೆ ಅದರ ಅಂಕಿ ಇಳಿಯುತ್ತದೆ. ಅದರಲ್ಲಿ ಕಾಯಿಲೆ ಕಂಡ ಮಕ್ಕಳನ್ನು ಮಾತ್ರ ಸಂಶೋಧನೆಗೆ ಸೇರಿಸಿಕೊಳ್ಳುತ್ತಾರೆ. ಅವರಲ್ಲಿ ಅರ್ಧ ಮಕ್ಕಳಿಗೆ ಈ ತಿಂಗಳೇ ಆಪರೇಷನ್, ಉಳಿದವರಿಗೆ ಆರು ತಿಂಗಳು ಕಾದು ನೋಡಿ ಆಮೇಲೆ. ಯಾರು ಯಾವ ಗುಂಪು ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ. ಖರ್ಚು ಆಸ್ಪತ್ರೆಯದು.

"ಮೊದ್ಲು ಮಿಷನ್ನಾಗ ಬರಬೇಕ್ರಿ. ಅದ್ರಾಗ ಬರದಿದ್ರ ನನ್ನ ಕೈಯಾಗ ಏನಿಲ್ಲ."

"ಮಿಷನ್ ಹಾಕಿ ಏನ್ ಮಾಡ್ಬೇಕು?"

"ಏನೂ ಮಾಡಬ್ಯಾಡ್ರಿ ಅಕ್ಕ. ದಿನಾ ಹೆಂಗ ಮಲಗತಾಳೋ ಹಂಗ ಮಲಗಿಸ್ರಿ."

ಸೌಭಾಗ್ಯ ದಿನಾ ಹೇಗೋ ಹಾಗೆಯೇ ಮಲಗಿಸಿದಳು. ಮೂರು ದಿನದ ನಂತರ ಫೋನ್ ಬಂತು. ನಾರ್ಮಲ್ ಎಂದು ಬಂದಿದೆಯಂತೆ. ಹೆಸರು ಬಿಡುತ್ತಾರಂತೆ.

ಆ ಸಂಜೆ ಕಾಟಪ್ಪ ಹೆಂಡತಿಯನ್ನು ಜಡೆ ಹಿಡಿದು ವಠಾರದ ಅಂಗಳಕ್ಕೆ ಎಳೆತಂದ. "ಕೇಳ್ರಪ್ಪೋ! ಡಾಕ್ಟ್ರೇ ಹೇಳವ್ರೆ, ಮಗೀಗೆ ಏನೂ ಇಲ್ವಂತೆ. ಇವ್ಳು ಅದರ ಕತ್ತು ಕೊಯ್ಸಾಕೆ ರುಜು ಹಾಕಿ ಬಂದವ್ಳೆ!" ಎಂದು ಕೂಗಿ, ಮೊಣಕಾಲಿನಿಂದ ಅವಳ ಪಕ್ಕೆಗೆ ಗುದ್ದಿದ. ಅವಳು ಬಿದ್ದ ಮೇಲೂ ಒದ್ದ. ಬಾಗಿಲಲ್ಲಿ ನಿಂತಿದ್ದ ಸೌಮ್ಯಳನ್ನು ಭುಜ ಹಿಡಿದು ಗೋಡೆಗೆ ತಳ್ಳಿದ. "ಕಾಯ್ಲೆ ಅಲ್ಲ ಇದು, ಕೊಬ್ಬು. ಇನ್ಮೇಲೆ ಉಚ್ಚೆ ಹುಯ್ದ್ರೆ ಹೊರ್ಗೇ ಮಲ್ಕಳದು." ಮಗುವಿನ ಕೆಳತುಟಿ ಒಡೆಯಿತು.

ಪಕ್ಕದ ಮನೆಯ ಈರಕ್ಕ ನಡುವೆ ಬಂದು ಅವನ ರಟ್ಟೆ ಹಿಡಿದಳು. "ಬಿಡಪ್ಪೋ ಸಾಕು, ಜೀವ ತಗೀತಿಯೇನು? ಐವತ್ತು ಪದರ ಕೊಯ್ಯೋ ಗಂಡ್ಸು, ಕೂಸಿನ ಮ್ಯಾಲ ಏನು ನಿನ್ನ ಪ್ರತಾಪ?"

"ನಿನ್ ಮನೆ ನೋಡ್ಕೋ ಹೋಗಮ್ಮೋ" ಎಂದು ಕಾಟಪ್ಪ ಅವಳನ್ನೂ ನೂಕಿದ.

ಹೆಸರು ಬಿಟ್ಟದ್ದಕ್ಕೆ ರುಜು ಹಾಕಿಸಿಕೊಳ್ಳಲು ಬಸವರಾಜೇಶ್ವರಿ ಮತ್ತೆ ಯೂನಿಟ್ಟಿಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಸೌಭಾಗ್ಯ ಸ್ಟೂಲಿನ ಮೇಲೆ ಕೂತು ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದಳು. ಅವಳ ಒಂದು ಕಣ್ಣಿನ ಸುತ್ತ ನೀಲಿಗಟ್ಟಿತ್ತು. ಸ್ಟೂಲಿನ ಪಕ್ಕ ಗೋಣಿಚೀಲದ ಮೇಲೆ ಸೌಮ್ಯ ಮಲಗಿದ್ದಳು. ಕಾಟಪ್ಪ ಹಿಂದಿನ ಶೆಡ್ಡಿನಲ್ಲಿದ್ದ.

"ಕೈ ಬಿಡುವಿಲ್ಲ, ಹೊಲಿಗೆ ಕಟ್ಟು ಕಾಯ್ತೈತೆ. ಒಂದ್ನಿಮ್ಸ ನಿಂತ್ಕಳಿ" ಎಂದಳು ಸೌಭಾಗ್ಯ.

ಬಸವರಾಜೇಶ್ವರಿ ನಿಂತಳು. ಮಿಷನ್ನುಗಳ ಸದ್ದಿನಲ್ಲೂ ಮಗುವಿನ ಗೊರಕೆ ಕೇಳುತ್ತಿತ್ತು. ಒಮ್ಮೆ ನಿಂತಿತು. ಆ ಕ್ಷಣವೇ ಸೌಭಾಗ್ಯಳ ಎಡಗಾಲು ಚಾಚಿ ಮಗಳ ಭುಜವನ್ನು ಒತ್ತಿತು. ಮಗು ಪಕ್ಕಕ್ಕೆ ಹೊರಳಿ ಉಸಿರೆಳೆದುಕೊಂಡಿತು. ಕಾಲು ಹಿಂದೆ ಸರಿಯಿತು. ಸೌಭಾಗ್ಯಳ ಕಣ್ಣು ಕತ್ತರಿಯ ಮೇಲೆಯೇ ಇತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಮತ್ತೆ ಅದೇ. ಬಸವರಾಜೇಶ್ವರಿ ಗಡಿಯಾರ ನೋಡಿದಳು. ಐದು ನಿಮಿಷದಲ್ಲಿ ಆರು ಸಲ.

"ಅಕ್ಕಾ, ನಿಮ್ಮ ಕಾಲು ಏನು ಮಾಡಾಕತ್ತೈತ್ರಿ?"

"ನನ್ ಕಾಲಾ? ಏನ್ ಮಾಡ್ತೈತೆ?"

"ಈಗ ಪುಟ್ಟಿನ್ನ ನೂಕಿತಲ್ರಿ."

ಸೌಭಾಗ್ಯ ತನ್ನ ಕಾಲನ್ನು ನೋಡಿಕೊಂಡಳು. "ಓ, ಅದಾ? ಸದ್ದು ನಿಂತ್ರೆ ನೂಕ್ತೀನಿ."

"ರಾತ್ರಿ?"

"ರಾತ್ರಿ ಎದೆ ಮೇಲೆ ಕೈ ಇಟ್ಕಂಡೇ ಮಲ್ಕಂತೀನಿ. ಎದೆ ಎದ್ದು ಎದ್ದು ಬಿದ್ರೆ ಮಗ್ಗಲು ಹೊರಳಿಸ್ತೀನಿ. ಎಲ್ರೂ ಮಾಡ್ತಾರಲ್ಲ, ಹೆತ್ತೋರು?"

"ಮಿಷನ್ ಹಾಕಿದ ರಾತ್ರಿನೂ?"

"ದಿನಾ ಹೆಂಗೋ ಹಂಗೇ ಅಂದ್ರಲ್ಲ ನೀವು."

ಬಸವರಾಜೇಶ್ವರಿ ರುಜುವಿನ ಕಾಗದವನ್ನು ಮಡಿಚಿ ಚೀಲಕ್ಕೆ ಹಾಕಿದಳು. ಹೊರಗೆ ಹೋಗಿ ಡಾಕ್ಟರ ಹತ್ತಿರ ಬಹಳ ಹೊತ್ತು ಫೋನಿನಲ್ಲಿ ಮಾತಾಡಿ ಬಂದಳು. "ತಪ್ಪು ನಂದ್ರಿ. ಕೇಳಬೇಕಿತ್ತು. ಇನ್ನೊಂದು ರಾತ್ರಿ ಕೊಟ್ಟಾರ. ಒಂದಽ. ಇವತ್ತು ಕೈನೂ ಬ್ಯಾಡ, ಕಾಲೂ ಬ್ಯಾಡ. ಆರು ತಾಸು ಮಿಷನ್ ನಡೀಬೇಕು. ಭಾಳ ಗಾಬ್ರಿ ಆದ್ರ ಎಬ್ಬಸ್ರಿ, ನನಗ ಫೋನ್ ಮಾಡ್ರಿ. ಆದ್ರ ಹಂಗ ಎಬ್ಬಸಕೋತ ಹೋದ್ರ ಮತ್ತ ನಾರ್ಮಲ್ ಬರತೈತಿ. ಅಲ್ಲಿಗೆ ಮುಗೀತು."

ಆ ರಾತ್ರಿ ಕಾಟಪ್ಪ ಉಂಡು ಬಾಗಿಲ ಕಡೆಗೆ ತಲೆ ಹಾಕಿ ಮಲಗಿದ ಮೇಲೆ ಸೌಭಾಗ್ಯ ಮಗಳ ಬೆರಳಿಗೆ ಮಿಷನ್ ಕಚ್ಚಿಸಿದಳು. ಕೆಂಪು ಅಂಕಿ ಹೊತ್ತಿಕೊಂಡಿತು. ತೊಂಬತ್ತಾರು. ಅವಳು ಎದ್ದು ಹೋಗಿ ಎದುರಿನ ಗೋಡೆಗೆ ಒರಗಿ ಕೂತಳು. ಮಗಳಿಂದ ಅಷ್ಟು ದೂರ ಅವಳು ಯಾವತ್ತೂ ಕೂತಿರಲಿಲ್ಲ.

ಹನ್ನೊಂದರವರೆಗೆ ಬರೀ ಗೊರಕೆ. ಆಮೇಲೆ ಸದ್ದು ನಿಂತಿತು. ಬಾಯಿ ತೆರೆದೇ ಇತ್ತು. ಹೊಟ್ಟೆ ಒಳಕ್ಕೆ ಸೇದಿಕೊಂಡು ಪಕ್ಕೆಲುಬು ಎದ್ದವು. ಒಳಗೆ ಏನೂ ಹೋಗಲಿಲ್ಲ. ತೊಂಬತ್ತೊಂದು. ಎಂಬತ್ತಾರು. ಸೌಭಾಗ್ಯಳ ಬಲಗೈ ತಾನಾಗಿ ಮೇಲೆದ್ದಿತು. ಅದನ್ನು ಎಡಗೈಯಲ್ಲಿ ಹಿಡಿದು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತಳು. ಎಂಬತ್ತೊಂದು. ಮಗು ಮೈ ಬಿಲ್ಲಿನಂತೆ ಬಾಗಿಸಿ, ಮುಳುಗಿ ಎದ್ದವರ ಹಾಗೆ ಗಾಳಿ ನುಂಗಿತು. ಅಂಕಿ ಏರಿತು. ಒಂದು ನಿಮಿಷ ಗೊರಕೆ. ಮತ್ತೆ ನಿಂತಿತು.

ಹೀಗೇ ನಡೆಯಿತು. ಅವಳು ತನ್ನ ತೋಳನ್ನೇ ಕಚ್ಚಿಕೊಂಡಳು. ಎರಡು ಗಂಟೆಯ ಹೊತ್ತಿಗೆ ಅಲ್ಲಿ ಹಲ್ಲಿನ ಗುರುತುಗಳು ಮೂಡಿ ರಕ್ತ ಜಿನುಗಿತ್ತು.

ಎರಡೂವರೆಗೆ ಸದ್ದು ನಿಂತದ್ದು ಮತ್ತೆ ಬರಲೇ ಇಲ್ಲ. ಎಪ್ಪತ್ತೆಂಟು. ಎಪ್ಪತ್ತೊಂದು. ಗೊರಕೆಗೆ ಎಂದೂ ಎಚ್ಚರಗೊಳ್ಳದ ಕಾಟಪ್ಪ ಆ ಮೌನಕ್ಕೆ ಎದ್ದು ಕೂತ. ಉರಿಯುತ್ತಿದ್ದ ಬಲ್ಬಿನ ಬೆಳಕಿನಲ್ಲಿ ಮಗಳ ತುಟಿ ನೋಡಿದ. ಒಡೆದ ಜಾಗ ಬಿಟ್ಟು ಉಳಿದದ್ದೆಲ್ಲ ನೇರಳೆ ಬಣ್ಣಕ್ಕೆ ತಿರುಗಿತ್ತು.

"ಉಸ್ರಿಲ್ಲ ಕಣೇ! ಮಗು ಉಸ್ರಾಡ್ತಿಲ್ಲ!"

"ಗೊತ್ತು. ಮುಟ್ಬ್ಯಾಡ" ಎಂದಳು ಸೌಭಾಗ್ಯ.

"ಸಾಯ್ತೈತೆ ಕಣೇ ಅದು!" ಎಂದು ಅವನು ಮಂಡಿಯೂರಿ ಮಗಳ ಭುಜಕ್ಕೆ ಕೈ ಚಾಚಿದ.

ಗೋಡೆಗೆ ಅವನ ಕಟಿಂಗಿನ ಸ್ಕೇಲು ಒರಗಿತ್ತು. ಯೂನಿಟ್ಟಿನಲ್ಲಿ ಬಿಟ್ಟರೆ ಯಾರಾದರೂ ಎತ್ತಿಕೊಳ್ಳುತ್ತಾರೆಂದು ದಿನವೂ ಮನೆಗೆ ತರುತ್ತಿದ್ದ, ಒಂದು ಮೀಟರು ಉದ್ದದ ಕಬ್ಬಿಣದ ಪಟ್ಟಿ. ಸೌಭಾಗ್ಯ ಅದನ್ನು ಅಂಚು ಕೆಳಗೆ ಮಾಡಿ ಬೀಸಿದಳು. ಮೊದಲನೆಯದು ಅವನ ಮಣಿಕಟ್ಟಿಗೆ ಬಿತ್ತು. ಅವನು ಕೈ ಎಳೆದುಕೊಳ್ಳಲಿಲ್ಲ. ಎರಡನೆಯದು ಹುಬ್ಬಿನ ಮೇಲೆ ಬಿತ್ತು. ಚರ್ಮ ಸೀಳಿ ರಕ್ತ ಕಣ್ಣಿಗಿಳಿಯಿತು. ಅವನು ಹಿಂದಕ್ಕೆ ಬಿದ್ದು, ಎದ್ದು, ಅವಳ ಕೊರಳು ಹಿಡಿದು ಗೋಡೆಗೆ ಅದುಮಿದ. ಅವಳು ಮೊಣಕಾಲಿನಿಂದ ಅವನ ಹೊಟ್ಟೆಗೆ ಗುದ್ದಿದಳು, ಕೈಗೆ ಸಿಕ್ಕ ಕಿವಿಯನ್ನು ತಿರುಚಿದಳು. ಇಬ್ಬರೂ ಸದ್ದು ಮಾಡಲಿಲ್ಲ. ಸ್ಕೇಲು ನೆಲಕ್ಕೆ ಬೀಳದಂತೆ ಅವಳು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದಳು.

ಅವರ ಹಿಂದೆ ಮಗು ಕರ್ಕಶವಾಗಿ ಗಾಳಿ ಎಳೆದುಕೊಂಡಿತು. ಅಂಕಿ ಏರತೊಡಗಿತು. ಅರವತ್ತೊಂಬತ್ತು. ಎಂಬತ್ತು. ತೊಂಬತ್ತು. ಕಾಟಪ್ಪನ ಕೈ ಸಡಿಲವಾಯಿತು.

"ದಿನಾ ಹಿಂಗೇನಾ?"

ಸೌಭಾಗ್ಯ ಕೆಮ್ಮನ್ನು ಸೆರಗಿನಲ್ಲಿ ಒತ್ತಿ ಹಿಡಿದಳು. "ದಿನಾ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ. ಅವತ್ತೇ ಅಲ್ವಾ ನನ್ ದವಡೆ ಹಲ್ಲು ಉದುರ್ಸಿದ್ದು?"

ಅವನು ಹುಬ್ಬಿನ ರಕ್ತಕ್ಕೆ ಟವೆಲ್ ಒತ್ತಿಕೊಂಡ. ಮುಂದಿನ ಸಲ ಉಸಿರು ನಿಂತಾಗ ಮತ್ತೆ ಮಂಡಿಯ ಮೇಲೆ ಎದ್ದ. ಅವಳು ಸ್ಕೇಲು ಎತ್ತಿದಳು. "ಆರು ತಾಸು ಆಗ್ಬೇಕು. ಇನ್ನೂ ಒಂದೂವರೆ ಐತೆ. ಕೂತ್ಕ."

ಅವನು ಕೂತ. ಅದರ ಮುಂದಿನ ಸಲ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆಗೆ ತಿರುಗಿದ.

ಬೆಳಿಗ್ಗೆ ಬಸವರಾಜೇಶ್ವರಿ ಬಂದು ಮಿಷನ್ನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಗೆರೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಗರಗಸದ ಹಲ್ಲಿನಂತೆ ಹರಿದಿತ್ತು. ಅವಳು ಅದನ್ನು ಡಾಕ್ಟರಿಗೆ ಕಳಿಸಿ, ಫೋನಿನಲ್ಲಿ ಮಾತಾಡಿ, ಕಾಟಪ್ಪನ ಹಣೆಯ ಬಟ್ಟೆಯನ್ನು ನೋಡಿದಳು. ಬಟ್ಟೆ ಕೆಂಪಾಗಿತ್ತು.

"ಅಣ್ಣಾರ ತಲಿಗೆ ಏನಾತ್ರಿ?"

"ಬಾಗ್ಲು ತಗಲ್ತು" ಎಂದ ಕಾಟಪ್ಪ.

ಅವಳು ಸೌಭಾಗ್ಯಳ ಕಡೆಗೆ ತಿರುಗಿದಳು. "ಅಕ್ಕಾ, ನಿಮ್ಮ ಪುಟ್ಟಿ ಸಂಶೋಧನಾಕ ಬರಂಗಿಲ್ರಿ."

ಸೌಭಾಗ್ಯ ಅವಳ ಮಣಿಕಟ್ಟು ಹಿಡಿದುಕೊಂಡಳು. ಬಳೆಯೊಂದು ಒಡೆಯಿತು. "ಯಾಕ್ ಬರಲ್ಲ? ನಾನ್ ಮುಟ್ಟಿಲ್ಲ. ಒಂದ್ಸಲಾನೂ ಮುಟ್ಟಿಲ್ಲ! ಇವನ್ನ ಕೇಳು ಬೇಕಾದ್ರೆ!"

"ಕೈ ಬಿಡ್ರಿ, ಅಕ್ಕಾ, ಕೇಳ್ರಿ ಇಲ್ಲಿ! ಇಷ್ಟು ಕೆಳಗ ಇಳದ ಮಕ್ಕಳನ್ನ ಚೀಟಿ ಎತ್ತೋ ಗುಂಪಿಗೆ ಹಾಕಂಗಿಲ್ಲ. ಆರು ತಿಂಗಳು ಕಾಯಾಕ ಆಗಂಗಿಲ್ಲ. ಸೀದಾ ಆಪರೇಷನ್ನು. ಇವತ್ತಽ ಅಡ್ಮಿಟ್ ಆಗಬೇಕಂತ, ಎದ್ದು ಹೊರಡ್ರಿ."

ಸೌಭಾಗ್ಯ ಕೈ ಬಿಟ್ಟಳು. ನಂತರ ಬಳೆಯ ಚೂರುಗಳನ್ನು ಆರಿಸಿ ಹೊರಗೆ ಎಸೆದಳು.

ಹತ್ತು ಗಂಟೆಯ ಬಳ್ಳಾರಿ ಬಸ್ಸಿನಲ್ಲಿ ಹಿಂದಿನ ಉದ್ದನೆಯ ಸೀಟು ಸಿಕ್ಕಿತು. ಬಸವರಾಜೇಶ್ವರಿ ಮುಂದೆ ಡ್ರೈವರನ ಹತ್ತಿರ ಕೂತಿದ್ದಳು. ಕಾಟಪ್ಪ ಕಿಟಕಿಯ ಪಕ್ಕ ಕೂತ. ಸೌಮ್ಯ ನಡುವೆ, ಅಮ್ಮನಿಗೆ ಒರಗಿಕೊಂಡಿದ್ದಳು. ಊರು ದಾಟಿದ ಮೇಲೆ ಅವಳು ಅಪ್ಪನ ಹಣೆಯನ್ನು ಬಹಳ ಹೊತ್ತು ನೋಡಿದಳು.

"ಅಮ್ಮ, ಅಪ್ಪಂಗೆ ಯಾರ್ ಹೊಡೆದಿದ್ದು?"

ಕಾಟಪ್ಪ ಹೊರಗೆ ನೋಡುತ್ತಿದ್ದ.

"ನಾನು" ಎಂದಳು ಸೌಭಾಗ್ಯ.

ಸೌಮ್ಯ ಅಮ್ಮನ ಮುಖ ನೋಡಿದಳು. ಆಮೇಲೆ ಸೀಟಿನ ಮೇಲೆ ಸ್ವಲ್ಪ ಸ್ವಲ್ಪವೇ ಸರಿಯುತ್ತಾ ಹೋಗಿ ಅಪ್ಪನ ಪಕ್ಕಕ್ಕೆ ಅಂಟಿಕೊಂಡಳು. ಮುಂದಿನ ಊರಿನಲ್ಲಿ ಬದನೆಕಾಯಿ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಹತ್ತಿ, ಹಿಂದಿನ ತನಕ ಬಂದು, ತಾಯಿ ಮಗಳ ನಡುವಿನ ಖಾಲಿ ಜಾಗವನ್ನು ನೋಡಿದಳು.

"ಇಲ್ಲಿ ಯಾರರ ಅದಾರೇನವ್ವಾ?"

"ಇಲ್ಲ, ಕೂತ್ಕಳಿ" ಎಂದಳು ಸೌಭಾಗ್ಯ.