ಎರಡೂ ಪಕ್ಷಕ್ಕೆ ಬೇಕಾದ ಕೈ

ಜ್ವರ ಎಂದು ಹೇಳಿದರೆ ಹೇಗೆ? ಆಗದು. ಹೆಂಡತಿ ಲೊರ್ನಾ ನರ್ಸು. ಥರ್ಮಾಮೀಟರನ್ನು ಬಾಯಿಗಿಟ್ಟು ಎದುರಿಗೇ ನಿಲ್ಲುತ್ತಾಳೆ. ಹೊಟ್ಟೆ ಕೆಟ್ಟಿದೆ ಎಂದರೆ? ಅದೂ ಆಗದು. ಅಮ್ಮ ಗಂಜಿ ಬೇಯಿಸಿ, ಪಕ್ಕದಲ್ಲಿ ಕುಳಿತು ಉಣ್ಣಿಸಿ, ಉಂಡು ಮುಗಿಸುವಷ್ಟರಲ್ಲಿ ‘ಈಗ ಸರಿಯಾಯಿತಲ್ಲ, ಹೊರಡು’ ಎನ್ನುತ್ತಾಳೆ. ಕಾರು ಕೆಟ್ಟಿತು ಎನ್ನಬಹುದಿತ್ತು. ಆದರೆ ಈ ಹಾಳು ಜಪಾನಿ ಕಾರು ಕೊಂಡಾಗಿನಿಂದ ಒಂದು ದಿನವೂ ಕೆಟ್ಟದ್ದಿಲ್ಲ. ದೋಹಾದಲ್ಲಿರುವ ಮಂಗಳೂರಿಗರಲ್ಲಿ ಅರ್ಧ ಜನರ ಮುಂದೆ ಅವನೇ ಅದನ್ನು ಹೊಗಳಿದ್ದಾನೆ.

ಅಲ್ ಮನ್ಸೂರಾದ ಸಿಗ್ನಲ್ಲಿನಲ್ಲಿ ನಿಂತು ವಲೇರಿಯನ್ ಹೀಗೆ ಒಂದೊಂದೇ ನೆಪವನ್ನು ಎತ್ತಿ ನೋಡಿ ಕೆಳಗಿಡುತ್ತಿದ್ದ. ಹಿಂದಿನ ಪಿಕಪ್ಪಿನವನು ಹಾರನ್ ಒತ್ತಿ “ಯಲ್ಲಾ!” ಎಂದು ಕೂಗಿದಾಗಲೇ ದೀಪ ಹಸಿರಾದದ್ದು ಅವನಿಗೆ ಗೊತ್ತಾದದ್ದು.

ಬರುವ ಶುಕ್ರವಾರ ಕನ್ನಡ ಸಂಘದ ಚರ್ಚಾಕೂಟದಲ್ಲಿ ಅವನು ವೇದಿಕೆ ಹತ್ತಬೇಕಿತ್ತು. ಹತ್ತಿ, ತಾನು ಗರ್ಭದಲ್ಲಿದ್ದಾಗ ತನ್ನನ್ನು ತೆಗೆಯಲು ತಾಯಿ ಔಷಧಿ ಕುಡಿದಿದ್ದಳೆಂದೂ, ತಾನು ಹೇಗೋ ಉಳಿದೆನೆಂದೂ ಜನರ ಮುಂದೆ ಹೇಳಬೇಕಿತ್ತು. ಆ ತಾಯಿ, ಮಟಿಲ್ಡಾ, ವಿಸಿಟ್ ವೀಸಾದಲ್ಲಿ ಬಂದು ಮನೆಯಲ್ಲಿ ಕುಳಿತಿದ್ದಳು. ಶುಕ್ರವಾರಕ್ಕೆ ಉಡಲು ರೇಷ್ಮೆ ಸೀರೆಯನ್ನೂ ತೆಗೆದಿಟ್ಟಿದ್ದಳು. ಮಗನಿಗೆ ವಿಷಯ ಗೊತ್ತಿದೆ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ.

ವಲೇರಿಯನ್ನನ ಎಡಗೈ ಮೊಣಕೈಯಿಂದ ಸ್ವಲ್ಪ ಕೆಳಗೆ ಬಂದು, ಅಲ್ಲಿ ಮನಸ್ಸು ಬದಲಾಯಿಸಿದಂತೆ ನಿಂತುಬಿಟ್ಟಿತ್ತು. ತುದಿಯಲ್ಲಿ ಎರಡು ಬೆರಳು. ಆ ಎರಡರಲ್ಲೇ ಅವನು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ, ಕೀಲಿ ತಿರುಗಿಸುತ್ತಿದ್ದ, ಮಂಗಳೂರಿನ ಬಸ್ಸಿನಲ್ಲಿ ನೇತಾಡುತ್ತಿದ್ದ. ಕತಾರಿಗೆ ಬಂದ ಹೊಸತರಲ್ಲಿ ವೀಸಾದ ಮೆಡಿಕಲ್‌ನಲ್ಲಿ ಡಾಕ್ಟರು “ಈ ಕೈಯಲ್ಲಿ ಏನು ಮಾಡುತ್ತೀ?” ಎಂದು ಕೇಳಿದಾಗ, ಅವನು ಡಾಕ್ಟರ ಬ್ರೀಫ್‌ಕೇಸನ್ನೇ ಆ ಬೆರಳುಗಳಿಗೆ ಸಿಕ್ಕಿಸಿಕೊಂಡು ಬಾಗಿಲ ತನಕ ನಡೆದಿದ್ದ. “ಖಲಾಸ್, ಖಲಾಸ್, ನನ್ನ ಪೆಟ್ಟಿಗೆ ಕೊಡು” ಎಂದು ಡಾಕ್ಟರು ನಕ್ಕು ಮುದ್ರೆ ಒತ್ತಿದ್ದರು. ಅಂದಿನಿಂದ ಮುಶೈರಿಬ್‌ನಲ್ಲಿ ಏಸಿ ಬಿಡಿಭಾಗಗಳ ಕಂಪನಿಯೊಂದರ ಸ್ಟೋರ್‌ಕೀಪರ್ ಅವನು.

ಚಿಕ್ಕಂದಿನಲ್ಲಿ ಕೈಯ ಬಗ್ಗೆ ಕೇಳಿದಾಗಲೆಲ್ಲ ಮಟಿಲ್ಡಾ “ದೇವರು ಕೊಟ್ಟದ್ದು” ಎಂದು ಹೇಳಿ ಒಲೆಯ ಕಡೆ ತಿರುಗುತ್ತಿದ್ದಳು. ನಿಜ ಹೇಳಿದ್ದು ಮಾವ್ಶಿ, ಅಮ್ಮನ ಅಕ್ಕ, ತಾನು ಸಾಯುವ ಮೊದಲು. ಮನೆಯಲ್ಲಿ ಆಗಲೇ ನಾಲ್ಕು ಮಕ್ಕಳು. ಅಪ್ಪನಿಗೆ ಹಂಚಿನ ಕಾರ್ಖಾನೆಯ ಕೆಲಸ ಹೋಗಿತ್ತು. ಹೊಳೆಯಾಚೆಯ ಹೆಂಗಸೊಬ್ಬಳು ಕಷಾಯ ಕೊಟ್ಟಳು. ಕಷಾಯ ಸೋತಿತು, ಅವನು ಹುಟ್ಟಿದ. ಕೈ ಹೀಗಾದದ್ದು ಅದರಿಂದಲೇ ಎಂದು ಮಾವ್ಶಿ ನಂಬಿದ್ದಳು. ಹಾಗೆಂದು ಯಾರೂ ಖಚಿತವಾಗಿ ಹೇಳಲಾರರು ಎಂದು ಲೊರ್ನಾ ಹೇಳುತ್ತಿದ್ದಳು. ಲೊರ್ನಾಳನ್ನು ಬಿಟ್ಟರೆ ಅವನು ಈ ಮಾತನ್ನು ಯಾರಿಗೂ ಹೇಳಿರಲಿಲ್ಲ, ಪ್ರಾರ್ಥನಾ ಕೂಟದ ಒಂದು ಶುಕ್ರವಾರದ ತನಕ.

ಆಗ ದೋಹಾದಲ್ಲಿ ಇಗರ್ಜಿ, ಚರ್ಚು ಎಂದು ಯಾವುದೂ ಇರಲಿಲ್ಲ. ರಜೆ ಶುಕ್ರವಾರವಾದ್ದರಿಂದ ಮಂಗಳೂರಿನ ಕಥೊಲಿಕರಿಗೆ ಅದೇ ಭಾನುವಾರ. ಯಾರದಾದರೊಂದು ವಿಲ್ಲಾದಲ್ಲಿ ಸೇರಿ, ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಾಣದಂತೆ ಒಳಗೆ ತಂದಿಟ್ಟು, ಕಿಟಕಿ ಮುಚ್ಚಿ, ಮೆಲುದನಿಯಲ್ಲಿ ಹಾಡುತ್ತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರು ಸರದಿಯಂತೆ ‘ಸಾಕ್ಷಿ’ ಹೇಳಬೇಕು: ದೇವರು ತನಗೆ ಏನು ಮಾಡಿದ ಎಂದು. ಒಬ್ಬರಿಗೆ ಮೂತ್ರಕೋಶದ ಕಲ್ಲು ಕರಗಿತ್ತು. ಇನ್ನೊಬ್ಬರು ಏಳನೆಯ ಸಲ ಡ್ರೈವಿಂಗ್ ಟೆಸ್ಟು ಪಾಸಾಗಿದ್ದರು. ವಲೇರಿಯನ್ ಮಾತ್ರ ಪ್ರತಿ ಸಲವೂ ಗಂಟಲು ಸರಿಯಿಲ್ಲವೆಂದು ತಪ್ಪಿಸಿಕೊಳ್ಳುತ್ತಿದ್ದ. ಕೊನೆಗೆ ಪ್ರಾರ್ಥನಾ ಕೂಟದ ಮುಖಂಡ ಯೂಸ್ಟೇಸ್ ಎಲ್ಲರ ಎದುರಿಗೇ ಕೇಳಿದ: “ನಿನಗೆ ದೇವರು ಎಂತದೂ ಮಾಡ್ಲಿಲ್ವಾ ಮಾರಾಯ?”

ಅಷ್ಟೂ ಮುಖಗಳು ತಿರುಗಿದವು. ಅಮ್ಮ ಕಡಲಿನಾಚೆ ಬಜ್ಪೆಯಲ್ಲಿದ್ದಾಳಲ್ಲ ಎಂಬ ಧೈರ್ಯದಲ್ಲಿ ವಲೇರಿಯನ್ ಹೇಳಿಬಿಟ್ಟ. ಹೆಂಗಸರು ಅತ್ತರು. ಆ ವಾರ ಮೂರು ಮನೆಗಳಿಂದ ಕೋಳಿ ಸುಕ್ಕ ಬಂತು. ಮುಂದಿನ ತಿಂಗಳು ಅಮ್ಮನೂ ಬಂದಳು.

ಅದು ಕೈರೋದಲ್ಲಿ ಜನಸಂಖ್ಯೆಯ ಸಮ್ಮೇಳನ ನಡೆದ ವರ್ಷ. ಗರ್ಭಪಾತದ ಬಗ್ಗೆ ಪತ್ರಿಕೆಗಳಲ್ಲಿ ಜಗಳವೋ ಜಗಳ. ಕನ್ನಡ ಸಂಘದ ಸಾಹಿತ್ಯ ಸಮಿತಿಗೂ ಹುರುಪು ಬಂತು. ಹುಟ್ಟದ ಮಗುವಿನ ಹಕ್ಕು ದೊಡ್ಡದೋ, ತಾಯಿಯ ಹಕ್ಕು ದೊಡ್ಡದೋ ಎಂದು ವಿಷಯ ಗೊತ್ತುಮಾಡಿದರು. ಸಭಾಂಗಣ ಕೊಡುವ ಶಾಲೆಯವರು ಗಾಬರಿಯಾಗದಿರಲೆಂದು ನೋಟೀಸಿನಲ್ಲಿ ಮಾತ್ರ ‘ಕುಟುಂಬ ಕ್ಷೇಮ: ಒಂದು ಸಂವಾದ’ ಎಂದು ಹಾಕಿಸಿದರು. ಮಗುವಿನ ಪಕ್ಷಕ್ಕೆ ಯೂಸ್ಟೇಸ್ ನಾಯಕ. ತಾಯಿಯ ಪಕ್ಷಕ್ಕೆ ಮೈಸೂರಿನ ಕಾಂತಾಮಣಿ. ಅಧ್ಯಕ್ಷತೆ ಅವರ ಯಜಮಾನರಾದ ಎಂಜಿನಿಯರ್ ನಾರಾಯಣಸ್ವಾಮಿಯವರದು.

ಯೂಸ್ಟೇಸ್ ಫೋನು ಮಾಡಿದ್ದ. “ನಿನ್ನನ್ನು ಕೊನೆಗೆ ಇಟ್ಟಿದ್ದೇನೆ, ಮದುವೆ ಊಟದ ಬಿರಿಯಾನಿ ಹಾಗೆ.”

“ಯೂಸ್ಟೇಸಣ್ಣ, ಮನೆಗೆ ಮಾಂಯ್ ಬಂದಿದ್ದಾಳೆ.”

“ಒಳ್ಳೆದಾಯ್ತಲ್ಲ, ಕರ್ಕೊಂಡು ಬಾ. ನಾನು ಹೆಸರು ಹೇಳುವುದಿಲ್ಲ ಮಾರಾಯ. ‘ಒಬ್ಬ ತಾಯಿ’ ಅಂತ ಮಾತ್ರ ಹೇಳ್ತೇನೆ.”

“ನನಗೆ ಎಷ್ಟು ತಾಯಂದಿರು ಇದ್ದಾರೆ?”

ಯೂಸ್ಟೇಸ್ ಫೋನಿಟ್ಟ. ಮರುದಿನ ಕಾಂತಾಮಣಿಯವರ ಕರೆ ಬಂತು. ಕೋಳಿ ಸುಕ್ಕ ಬಂದ ಮನೆಗಳಿಂದಲೇ ಕಥೆ ಊರೆಲ್ಲ ಹೋಗಿತ್ತು.

“ನೀವು ನಮ್ಮ ಕಡೆ ಬರಬೇಕು ಕಣ್ರೀ, ವಲೇರಿಯನ್ ಅವರೇ. ನ್ಯಾಯವಾಗಿ ನೀವು ನಮ್ಮ ಉದಾಹರಣೆ. ಆ ಕಾಲದಲ್ಲಿ ಒಳ್ಳೆ ಆಸ್ಪತ್ರೆ, ಒಳ್ಳೆ ಕಾನೂನು ಇದ್ದಿದ್ರೆ ನಿಮ್ಮ ಕೈ ಹೀಗೆ ಆಗ್ತಾನೇ ಇರ್ಲಿಲ್ಲ.”

“ಆಗ್ತಿರಲಿಲ್ಲ ಮೇಡಂ. ನಾನೂ ಆಗ್ತಿರಲಿಲ್ಲ.”

“ಹೂಂ, ಅದೂ ನಿಜವೇ,” ಎಂದರು ಕಾಂತಾಮಣಿ. “ಆದ್ರೂ ಒಂದ್ಸಲ ಯೋಚನೆ ಮಾಡಿ.”

ಅವನು ಯೋಚನೆ ಮಾಡಿದ. ಮಾಡುವುದಕ್ಕೆ ಬೇರೆ ಏನೂ ಇರಲಿಲ್ಲ. ಒಂದು ಪಕ್ಷದವರು ಅವನು ಬದುಕಿದ್ದಕ್ಕೆ ಸಂತೋಷಪಡಬೇಕೆನ್ನುತ್ತಿದ್ದರು. ಇನ್ನೊಂದು ಪಕ್ಷದವರು ಹೀಗೆ ಬದುಕಿದ್ದಕ್ಕೆ ದುಃಖಪಡಬೇಕೆನ್ನುತ್ತಿದ್ದರು. ನಿನ್ನ ಅಭಿಪ್ರಾಯವೇನು ಎಂದು ಇಬ್ಬರೂ ಕೇಳಲಿಲ್ಲ. ಕೇಳಿದ್ದರೂ ಅವನಿಗೆ ಹೇಳಲು ಬರುತ್ತಿರಲಿಲ್ಲ. ಅಂದು ಕಷಾಯ ಕುಡಿದವಳು ಮತ್ತು ಇಂದಿಗೂ ಊಟಕ್ಕೆ ಕುಳಿತಾಗ ಅವನ ಬಟ್ಟಲಿನ ಮೀನಿನಿಂದ ಮುಳ್ಳು ಆರಿಸಿ ಕೊಡುವವಳು ಒಬ್ಬಳೇ. ಅವಳನ್ನು ಚರ್ಚೆಯ ಎರಡು ಮೇಜಿಗೆ ಹಂಚುವುದು ಹೇಗೆ?

ಶುಕ್ರವಾರ ಬಂದೇಬಿಟ್ಟಿತು, ಕಾರೂ ಕೆಡಲಿಲ್ಲ. ಮಟಿಲ್ಡಾ ಮೊದಲ ಸಾಲಿನಲ್ಲಿ ಕುಳಿತು ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಳು. ಪಕ್ಕದಲ್ಲಿ ಲೊರ್ನಾ. ಅಧ್ಯಕ್ಷರು ಗಂಟೆ ತರಲು ಮರೆತದ್ದರಿಂದ ಸ್ಟೀಲ್ ಲೋಟ, ಚಮಚ ಹಿಡಿದು ಕುಳಿತಿದ್ದರು. ಪಕ್ಷಪಾತ ಎನಿಸಬಾರದೆಂದು ಹೆಂಡತಿ ಮೈಕು ಪರೀಕ್ಷಿಸಲು “ಸಭಿಕರೇ” ಎನ್ನುವಷ್ಟರಲ್ಲೇ ಒಮ್ಮೆ ಬಾರಿಸಿ ಎಚ್ಚರಿಸಿದರು. ವಲೇರಿಯನ್ನನ ಕುರ್ಚಿಯದು ಇನ್ನೊಂದು ಪೇಚು. ಯೂಸ್ಟೇಸ್ ಅದನ್ನು ತನ್ನ ಮೇಜಿನ ಪಕ್ಕಕ್ಕೆ ಎಳೆದ. ಕಾಂತಾಮಣಿ ಬಂದು ತಮ್ಮ ಮೇಜಿಗೆ ಎಳೆದರು. ಕೊನೆಗೆ ಅಧ್ಯಕ್ಷರೇ ಎದ್ದು ಅದನ್ನು ವೇದಿಕೆಯ ನಟ್ಟನಡುವೆ ಇರಿಸಿದರು. ತೀರ್ಪು ಕಾಯುವ ಕಳ್ಳನಂತೆ ವಲೇರಿಯನ್ ಅದರಲ್ಲಿ ಕುಳಿತ.

ಯೂಸ್ಟೇಸ್ ಆರಂಭಿಸಿದ. ವಲೇರಿಯನ್ ಅಂದು ಹೇಳಿದ್ದು ನಾಲ್ಕು ವಾಕ್ಯ. ಯೂಸ್ಟೇಸನ ಬಾಯಲ್ಲಿ ಅದಕ್ಕೆ ಗಾಳಿಮಳೆ ಬಂತು, ದೀಪ ಆರಿತು, ಕಾಗೆ ಕೂಗಿತು. “ಆ ತಾಯಿ ಪಪ್ಪಾಯಿ ತಿಂದಳು, ಕಷಾಯ ಕುಡಿದಳು, ಆದರೆ ಮಗುವಿನ ಹಟವೇ ಗೆದ್ದಿತು! ಆ ಮಗು ಇವತ್ತು ನಮ್ಮ ನಡುವೆಯೇ ಕುಳಿತಿದೆ!”

ಕಾಂತಾಮಣಿ ಎದ್ದು ನಿಂತರು. “ಅಧ್ಯಕ್ಷರೇ, ಆ ಮಗು ನಮ್ಮ ಪಕ್ಷದ ಉದಾಹರಣೆ!”

“ಮೊದಲು ಹೇಳಿದ್ದು ನಾವು!”

ಲೋಟ ಟಣಟಣ ಎಂದಿತು. “ಕಾಂತಾ, ಕೂತ್ಕೋ.”

“ಮನೇಲಿ ಕಾಂತಾ. ಇಲ್ಲಿ ನಾನು ತಂಡದ ನಾಯಕಿ!”

ಸಭೆ ನಕ್ಕಿತು. ನಗು ಇಳಿಯಲಿ ಎಂದು ಕಾದು ಕಾಂತಾಮಣಿ ಬೇರೆ ದನಿಯಲ್ಲಿ ಕೇಳಿದರು: “ಕಾಗೆ ಕೂಗಿದ್ದೆಲ್ಲ ಕೇಳಿದ್ರಿ. ಆ ಹೆಂಗಸು ಯಾಕೆ ಕುಡಿದಳು ಅಂತ ಯಾರಾದ್ರೂ ಕೇಳಿದ್ರಾ?”

ವಲೇರಿಯನ್ ಮೊದಲ ಸಾಲನ್ನು ನೋಡಿದ. ಮಟಿಲ್ಡಾ ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಬ್ಯಾಗಿನ ಕೊಂಡಿಯನ್ನು ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು, ಮತ್ತೆ ತೆರೆಯುತ್ತಿದ್ದಳು. ಒಳಗಿನಿಂದ ಏನನ್ನೂ ತೆಗೆಯುತ್ತಿರಲಿಲ್ಲ. ಅವನು ತನ್ನ ಸರದಿಗೆ ಕಾಯದೆ ಎದ್ದು ಮೈಕಿನ ಬಳಿ ಹೋದ.

“ನಾನು ಸುಳ್ಳು ಹೇಳಿದ್ದೆ,” ಎಂದ.

ಅಧ್ಯಕ್ಷರು ಲೋಟ, ಚಮಚ ಕೆಳಗಿಟ್ಟರು.

“ಪ್ರಾರ್ಥನೆಯಲ್ಲಿ ನನ್ನ ಸರದಿ ಬಂದಿತ್ತು. ಎಲ್ಲರಿಗೂ ಒಂದೊಂದು ಕಲ್ಲು ಕರಗಿತ್ತು. ನನಗೆ ಕಲ್ಲೇ ಇರಲಿಲ್ಲ. ಬರಿಗೈಯಲ್ಲಿ ಕೂರುವುದು ಹೇಗೆ ಅಂತ ಕಥೆ ಕಟ್ಟಿದೆ. ನನ್ನ ಕೈ ಹುಟ್ಟಿದ್ದೇ ಹೀಗೆ. ಯಾರೂ ಏನೂ ಮಾಡಿದ್ದಲ್ಲ.”

“ಎಂತ ಮಾರಾಯ ಇದು!” ಯೂಸ್ಟೇಸನ ಮುಖ ಕೆಂಪಾಯಿತು. “ಅವತ್ತು ಎಷ್ಟು ಜನ ಅತ್ತಿದ್ದರು! ನನ್ನ ಹೆಂಡತಿ ನಿನಗೆ ಕೋಳಿ ಸುಕ್ಕ ಕಳಿಸಿದ್ದಳು!”

“ತುಂಬಾ ಒಳ್ಳೆದಿತ್ತು, ಯೂಸ್ಟೇಸಣ್ಣ.”

ಹಿಂದಿನ ಸಾಲುಗಳು ಬಿದ್ದು ಬಿದ್ದು ನಕ್ಕವು. “ಹಾಗಾದ್ರೆ ನಮ್ಮ ಉದಾಹರಣೆ?” ಎಂದು ಕಾಂತಾಮಣಿ ಗಂಡನ ಮುಖ ನೋಡಿದರು. ನಾರಾಯಣಸ್ವಾಮಿ ಎದ್ದು, ಸದರಿ ಉದಾಹರಣೆಯನ್ನು ಉಭಯ ಪಕ್ಷಗಳ ವಾದದಿಂದಲೂ ತೆಗೆದುಹಾಕಲಾಗಿದೆ ಎಂದು ಘೋಷಿಸಿದರು. ಅದನ್ನು ತೆಗೆದ ಮೇಲೆ ಎರಡೂ ಕಡೆ ಹೇಳಲು ಹೆಚ್ಚೇನೂ ಉಳಿಯಲಿಲ್ಲ. ಫಲಿತಾಂಶ ಸಮಸಮ ಎಂದಾಯಿತು, ಸಮೋಸ ಬಂತು.

ಸಮೋಸದ ಮೇಜಿನ ಬಳಿ ಜನ ವಲೇರಿಯನ್ನನಿಗೆ ದಾರಿ ಬಿಟ್ಟು ನಿಂತರು. ಬರುವ ವಾರ ಪ್ರಾರ್ಥನೆಗೆ ಬರಬೇಕಾಗಿಲ್ಲ, ಕರೆ ಬಂದ ಮೇಲೆ ಬಂದರೆ ಸಾಕು ಎಂದು ಯೂಸ್ಟೇಸ್ ಗೋಡೆ ನೋಡುತ್ತಾ ಹೇಳಿದ. ಲೊರ್ನಾ ಒಬ್ಬಳೇ ಹತ್ತಿರ ಬಂದು ಅವನ ಎಡಗೈಯ ಎರಡು ಬೆರಳನ್ನು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡಳು. “ಸುಳ್ಳುಗಾರ,” ಎಂದಳು. ಅವಳ ಕಣ್ಣು ತುಂಬಿತ್ತು.

ಅವಳಿಗೆ ಡ್ಯೂಟಿ ಇತ್ತು. ಅವಳನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದ ಮೇಲೆ ಕಾರಿನಲ್ಲಿ ತಾಯಿ, ಮಗ ಇಬ್ಬರೇ ಉಳಿದರು. ಸಮುದ್ರದ ಬದಿಯ ರಸ್ತೆಯಲ್ಲಿ ದೀಪಗಳು ಆಗಷ್ಟೇ ಹೊತ್ತಿಕೊಂಡಿದ್ದವು.

“ಆ ಯೂಸ್ಟೇಸನಿಗೆ ಎಂತದೂ ಗೊತ್ತಿಲ್ಲ,” ಎಂದಳು ಮಟಿಲ್ಡಾ. “ಪಪ್ಪಾಯಿ ಅಂತೆ. ಗಾಳಿಮಳೆ ಅಂತೆ. ಅವತ್ತು ಸುಡುವ ಬಿಸಿಲು.”

ತಾನು ಏನು ಹೇಳಿದೆನೆಂದು ತಿಳಿದು ಅವಳ ಕೈ ಬ್ಯಾಗಿನ ಕೊಂಡಿಗೆ ಹೋಯಿತು. ವಲೇರಿಯನ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಕೇಳಿಸಲೇ ಇಲ್ಲ ಎನ್ನಬಹುದಿತ್ತು. ಆದರೆ ಸದ್ದೇ ಮಾಡದ ಈ ಕಾರಿನಲ್ಲಿ ಎಲ್ಲವೂ ಕೇಳಿಸುತ್ತದೆ.

“ಅವನು ಹಾಗೆಯೇ, ಮಾಂಯ್,” ಎಂದ. “ಮಸಾಲೆ ಹಾಕದೆ ಯಾವುದನ್ನೂ ಹೇಳುವುದಿಲ್ಲ.”

“ನೀನು ಕಟ್ಟಿದ ಕಥೆಯಲ್ಲಿ ಬಿಸಿಲು ಇತ್ತಾ, ಪುತಾ?”

“ಇರಲಿಲ್ಲ.”

“ಹಾಕಬೇಕಿತ್ತು,” ಎಂದು ಮಟಿಲ್ಡಾ ಸಮುದ್ರದ ಕಡೆ ಮುಖ ತಿರುಗಿಸಿದಳು. “ಹೊಳೆ ದಾಟುವಾಗ ಕಾಲಡಿಯ ಮರಳು ಸುಡುತ್ತದೆ, ಅಂತಹ ಬಿಸಿಲು.”

ಅವನು ಹೂಂ ಎಂದ.

ಮಾವ್ಶಿ ಸಾಯುವ ಮೊದಲು ಎಲ್ಲವನ್ನೂ ತನಗೆ ಹೇಳಿದ್ದಳೆಂದು ವಲೇರಿಯನ್ ತಾಯಿಗೆ ಹೇಳಲಿಲ್ಲ. ಕೇಳಿದ ಹೊಸತರಲ್ಲಿ ತನಗೆ ಅವಳ ಮೇಲೆ ಸಿಟ್ಟು ಬಂದಿತ್ತೆಂದಾಗಲಿ, ಆ ಸಿಟ್ಟು ಎಂದೋ ಹೋಯಿತೆಂದಾಗಲಿ ಅವನು ಅವಳಿಗೆ ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.