ನಾಲ್ಕನೆಯ ಮಹಡಿಯ ಚೀಲ

"ಒಬ್ಬ ಮನುಷ್ಯನ ಹೊಟ್ಟೇಲಿ ಇಷ್ಟೆಲ್ಲ ಎಲ್ಲಿರುತ್ತೆ?"

ದೊಡ್ಡಕ್ಕ ಇದನ್ನು ಯಾರನ್ನೂ ಕೇಳಿದ್ದಲ್ಲ. ತೊಟ್ಟಿಯ ಅಂಚಿಗೆ ಎರಡೂ ಕೈ ಊರಿ, ಬಾಯಿ ಬಿಚ್ಚಿದ ಹಳದಿ ಚೀಲದೊಳಕ್ಕೆ ಬಗ್ಗಿ ನೋಡುತ್ತ ತನ್ನಷ್ಟಕ್ಕೆ ಅಂದಳು. ಒಳಗೆ ಒಂದು ಹಾಸು, ಒಂದು ದಿಂಬಿನ ಚೀಲ, ಒಂದು ನಿಲುವಂಗಿ. ಮೂರೂ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿದ್ದವು. ಹಸಿರು ಬೆರೆತ ಹಳದಿ, ಅಂಚಿನಲ್ಲಿ ಹಕ್ಕಳೆಗಟ್ಟಿದ ಕಂದು. ಹುಳಿ ವಾಸನೆ ಮೂಗಿಗಿಂತ ಮೊದಲು ಕಣ್ಣಿಗೆ ಬಡಿಯಿತು.

"ಹೊಟ್ಟೇಲಿ ಇರೋದೇ ಅದು. ಇನ್ನೇನು ಅತ್ತರಿನ ಸೀಸೆ ಇರುತ್ತಾ?" ಎಂದಳು ತೊಟ್ಟಿಯ ಆಚೆ ನಿಂತಿದ್ದ ಗಿಣಿ. ಮೂಗಿಗೆ ಎರಡು ಸುತ್ತು ಬಟ್ಟೆ ಕಟ್ಟಿಕೊಂಡಿದ್ದಳು, ಬಾಯಿಗೆ ಕಟ್ಟಿದಂತಿರಲಿಲ್ಲ. ಬಿಡುವಿಲ್ಲದ ಆ ಮಾತಿನಿಂದಲೇ ಅವಳಿಗೆ ಆ ಹೆಸರು ಬಂದದ್ದು. ಈಗ ಮಾತಿನ ನಡುನಡುವೆ ಓಕರಿಸುತ್ತಿದ್ದಳು. ಓಕರಿಸಿ, ಕಣ್ಣೊರೆಸಿಕೊಂಡು, ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದಳು.

ಅದು ದೊಡ್ಡದೊಂದು ಆಸ್ಪತ್ರೆಯ ನೆಲಮಾಳಿಗೆ, ಬಟ್ಟೆ ಒಗೆಯುವ ಜಾಗ. ನಡುವೆ ಒಂದು ಗೋಡೆ. ಗೋಡೆಯ ಆಚೆ ದೊಡ್ಡ ಯಂತ್ರಗಳು. ಹಾಸಿಗೆಗಳಿಂದ ಎತ್ತಿದ ಬಟ್ಟೆಯನ್ನು ಬಿಳಿ ಚೀಲಗಳಲ್ಲಿ ತುಂಬಿ ಎಲ್ಲ ಮಹಡಿಗಳಿಂದಲೂ ಒಂದು ಅಗಲವಾದ ಕೊಳವೆಗೆ ಬಿಡುತ್ತಿದ್ದರು. ಅದು ಧೊಪ್ಪನೆ ಬಂದು ಯಂತ್ರಗಳ ಮುಂದೆ ಬೀಳುತ್ತಿತ್ತು. ಯಾವುದು ಯಾವ ಮಹಡಿಯದು ಎಂದು ಅಲ್ಲಿ ಕೇಳುವವರಿಲ್ಲ. ಗೋಡೆಯ ಈಚೆ ಹಳದಿ ಚೀಲದ ಕೋಣೆ. ಕೈಯಲ್ಲಿ ಬಿಡಿಸಿ, ತಣ್ಣೀರಲ್ಲಿ ಜಾಲಿಸಿ, ಆಮೇಲಷ್ಟೇ ಯಂತ್ರಕ್ಕೆ ಹಾಕಬೇಕಾದ ಬಟ್ಟೆ ಇಲ್ಲಿಗೆ. ಈ ಚೀಲಗಳನ್ನು ಟ್ರಾಲಿಯವನೇ ತಳ್ಳಿಕೊಂಡು ತರುತ್ತಿದ್ದ. ಟ್ರಾಲಿಯಲ್ಲಿ ಬರುವ ಪ್ರತಿ ಚೀಲದ ಕೊರಳಿಗೂ ಮಹಡಿಯ ಅಂಕಿ ಬರೆದ ಬಿಲ್ಲೆ.

ಈ ಕೋಣೆ ಎಷ್ಟೋ ವರ್ಷದಿಂದ ದೊಡ್ಡಕ್ಕನದು. ಬೇರೆಯವರು ಒಂದು ವಾರ ನಿಲ್ಲುತ್ತಿರಲಿಲ್ಲ. ರಕ್ತ, ಕೀವು, ವಾಂತಿ, ಮಲ ಯಾವುದಕ್ಕೂ ಅವಳ ಕೈ ಹಿಂಜರಿದದ್ದಿಲ್ಲ. ಆದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ತಂದೆ ಬೆಳಗಿನ ಜಾವ ಹೇಳುತ್ತಿದ್ದ ಪದ್ಯಗಳನ್ನು ಗುನುಗುತ್ತ ಬಟ್ಟೆ ಜಾಲಿಸುವಳು. ಪದ್ಯ ಮುಗಿದ ಉಸಿರಿನಲ್ಲೇ ಬೈಗುಳ. ಅದರಲ್ಲೂ ನಾಲ್ಕನೆಯ ಮಹಡಿಯ ಬಿಲ್ಲೆ ಕಂಡರೆ ಪದ್ಯ ಅರ್ಧಕ್ಕೇ ನಿಲ್ಲುತ್ತಿತ್ತು. "ಹಂದಿಗಳು. ಪಕ್ಕದಲ್ಲೇ ಬೋಗುಣಿ ಇಟ್ಟಿರ್ತಾರೆ, ಅದರೊಳಗೆ ಕಾರ್ಕೊಳ್ಳೋಕೆ ಏನು ದಾಡಿ?" ನಾಲ್ಕನೆಯ ಮಹಡಿ ಕೀಮೋದವರದು. ಅವಳು ಒಂದು ದಿನವೂ ಅಲ್ಲಿಗೆ ಹತ್ತಿ ಹೋದವಳಲ್ಲ. ಹೋಗುವ ಅಗತ್ಯವೂ ಕಂಡಿರಲಿಲ್ಲ. ಚೀಲ ನೋಡಿದ ಮೇಲೆ ಮನೆ ನೋಡುವುದೇನು?

ಈಗ ಅವಳೇ ಅಲ್ಲಿಗೆ ಹೋಗಬೇಕಾಗಿತ್ತು. ಎಡಗಡೆ ಎದೆಯ ಗಂಟನ್ನು ತೆಗೆದಾಗಿತ್ತು, ಗಾಯ ಮಾಗಿತ್ತು. ಕಳೆದ ವಾರ ಮೊದಲ ಕೀಮೋ. ಅವಳು ಹೋಗಲಿಲ್ಲ. ಡಾಕ್ಟರೇ ಮುಂದಕ್ಕೆ ಹಾಕಿದರು ಎಂದು ಮಗಳಿಗೆ ಸುಳ್ಳು ಹೇಳಿದಳು. ಡಾಕ್ಟರು ಮಗಳಿಗೇ ಫೋನು ಮಾಡಿದರು. ಈ ಸಲವೂ ತಪ್ಪಿದರೆ ಕೊಯ್ದದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ ಎಂದರಂತೆ. ನಾಳೆಗೆ ಮತ್ತೆ ದಿನ ಗೊತ್ತಾಗಿತ್ತು. ಮೇಲ್ವಿಚಾರಕ ಅವಳನ್ನು ಹಳದಿ ಕೋಣೆಯಿಂದ ತೆಗೆದು ಮಡಿಸುವ ಮೇಜಿಗೆ ಹಾಕಿ, ಮೇಜಿನಲ್ಲಿದ್ದ ಗಿಣಿಯನ್ನು ಇಲ್ಲಿಗೆ ತಂದಿದ್ದ. ಆದರೂ ನಾಲ್ಕರ ಚೀಲ ಬಂದಿತೆಂದರೆ ಕೈಯಲ್ಲಿದ್ದ ಮಡಿಕೆ ಬಿಟ್ಟು ಬಂದು ಇಣುಕುತ್ತಿದ್ದಳು, ಬಾಯೊಳಗಿನ ಹುಣ್ಣನ್ನು ನಾಲಿಗೆ ಮುಟ್ಟಿ ಮುಟ್ಟಿ ನೋಡುವ ಹಾಗೆ.

"ನೋಡ್ಬೇಡ ಅಂದ್ರೆ ಬಗ್ಗಿ ಬಗ್ಗಿ ನೋಡ್ತೀಯ," ಎಂದಳು ಗಿಣಿ. "ನಾಳೆ ಅಲ್ವಾ ನಿಂದು?"

"ನಾಳೆಯೂ ಇಲ್ಲ, ನಾಡಿದ್ದೂ ಇಲ್ಲ. ನಾನು ಹೋಗಲ್ಲ."

"ಹೋಗ್ದೆ?"

"ಸತ್ರೆ ಒಂದು ಸಲ ಹೊಲಸು. ಅಲ್ಲಿಗೆ ಹೋದ್ರೆ ದಿನಾ ಹೊಲಸು."

ಗಿಣಿ ಕೊಳಾಯಿ ಪೂರ್ತಿ ತಿರುಗಿಸಿ ಚೀಲವನ್ನು ತೊಟ್ಟಿಗೆ ಕವುಚಿದಳು.

ಸಂಜೆ ಮನೆಗೆ ಬಂದಾಗ ಮಗಳು ಮಂಚದ ಮೇಲೆ ಒಂದು ಅಂಗಡಿಯನ್ನೇ ಹರಡಿಕೊಂಡು ಕೂತಿದ್ದಳು. ನೀಲಿ ಪ್ಲಾಸ್ಟಿಕ್ ಬೋಗುಣಿ, ಕಾಗದದ ಒರಸುಬಟ್ಟೆಗಳ ಕಟ್ಟು, ಮೆತ್ತನೆಯ ಟೋಪಿ, ಹಾಸಿಗೆಗೆ ಹಾಕುವ ರಬ್ಬರ್ ಹಾಳೆ. ಚಿಕ್ಕ ಮಕ್ಕಳ ಶಾಲೆಯಲ್ಲಿ ಪಾಠ ಹೇಳುವವಳು. ಗಂಟು ಕೊಯ್ದಾಗಿನಿಂದ ತಾಯಿಯ ಜೊತೆಗೂ ಅದೇ ದನಿಯಲ್ಲಿ, ಸಕ್ಕರೆ ಸವರಿ ಮಾತಾಡುತ್ತಿದ್ದಳು.

"ಇದ್ಯಾರಿಗೆ?" ದೊಡ್ಡಕ್ಕ ರಬ್ಬರ್ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿದಳು. ಅದರ ವಾಸನೆಗೆ ಮೂಗು ಮುರಿದಳು. "ಮನೇಲಿ ಎಮ್ಮೆ ಕಟ್ತೀಯಾ?"

"ಬೇಕಾಗ್ಬಹುದು ಅಷ್ಟೇ, ಅಮ್ಮ. ಎಲ್ರಿಗೂ ಆಗೋದೇ. ನೀನು ನನ್ನ ಎಷ್ಟು ತೊಳೆದಿಲ್ಲ? ನಂಗೇನೂ ಅಸಹ್ಯ ಇಲ್ಲ."

"ನಂಗಿದೆ."

ಮಗಳು ನಕ್ಕಳು, ಮಕ್ಕಳ ಹಟಕ್ಕೆ ನಗುವ ಹಾಗೆ. ದೊಡ್ಡಕ್ಕ ನಗಲಿಲ್ಲ. ಗಾಯ ಹಸಿಯಾಗಿದ್ದಾಗ ಪಟ್ಟಿ ಬದಲಿಸುತ್ತಿದ್ದವಳು ಇವಳೇ. ಒಂದು ದಿನ ಪಟ್ಟಿ ಕಟ್ಟಿ ಮುಗಿಸಿ, ಬೆನ್ನು ತಿರುಗಿಸಿ, ತನ್ನ ಬೆರಳುಗಳನ್ನು ಮೂಗಿನ ಹತ್ತಿರ ಒಯ್ದು ಮೂಸಿದ್ದಳು. ಮೂಸಿ, ಮುಖ ಕಿವುಚಿ, ಮತ್ತೆ ಮುಖ ಸರಿಮಾಡಿಕೊಂಡು ಈ ಕಡೆ ತಿರುಗಿದ್ದಳು. ಅಲಮಾರಿನ ಕನ್ನಡಿಯಲ್ಲಿ ದೊಡ್ಡಕ್ಕನಿಗೆ ಅಷ್ಟೂ ಕಂಡಿತ್ತು. ತಪ್ಪು ಅನ್ನುವ ಹಾಗಿಲ್ಲ. ತಾನಾಗಿದ್ದರೂ ಮೂಸುತ್ತಿದ್ದಳು.

ಮಲಗುವ ಮುಂಚೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ತಂದೆಯ ಪದ್ಯವೊಂದನ್ನು ನೆನಪಿಗೆ ತಂದುಕೊಂಡಳು. ಈ ಮೈ ಹೊಲಸಿನ ಗೂಡು, ಇದನ್ನು ನೆಚ್ಚಬೇಡ ಎನ್ನುವ ಪದ್ಯ. ಚಿಕ್ಕಂದಿನಲ್ಲಿ ಅದನ್ನು ಕೇಳುತ್ತ ಕೇಳುತ್ತ ನಿದ್ದೆ ಹೋಗುತ್ತಿದ್ದಳು. ತಂದೆಯ ಕಂಠದಲ್ಲಿ ಹೊಲಸೂ ಜೇನಾಗಿ ಇಳಿಯುತ್ತಿತ್ತು. ಇವತ್ತು ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಕೋಪ ಬಂತು. ಅಪ್ಪ ಒಂದು ದಿನವಾದರೂ ಹೊಲಸು ಒಗೆದವನಲ್ಲ. ಹಾಸಿಗೆ ಹಿಡಿದ ಅಜ್ಜಿಯ ಬಟ್ಟೆಯನ್ನೆಲ್ಲ ಒಗೆದವಳು ಅಮ್ಮ. ಅಮ್ಮ ಪದ್ಯ ಹೇಳಲಿಲ್ಲ. ದೊಡ್ಡಕ್ಕ ಪದ್ಯವನ್ನು ಅಲ್ಲಿಗೇ ಬಿಟ್ಟು ನೇರವಾಗಿ ದೇವರನ್ನೇ ಕೇಳಿದಳು. 'ಬದುಕಿಸು ಅಂತ ನಿನ್ನ ಪೀಡಿಸಲ್ಲ, ತಂದೆ. ನನ್ನ ಹೊಲಸು ಇನ್ನೊಬ್ಬರ ಕೈಗೆ ಹೋಗದ ಹಾಗೆ ಮಾಡು.'

ಬೆಳಿಗ್ಗೆ ಮಗಳ ಜೊತೆ ಆಸ್ಪತ್ರೆಗೆ ಹೊರಟಳು. ಹಟ ಮಾಡಲಿಲ್ಲ. ಲಿಫ್ಟಿನ ಮುಂದೆ ನಿಂತು, "ನೀನು ಮೇಲೆ ಹೋಗಿ ಚೀಟಿ ಮಾಡಿಸ್ತಿರು. ಗಿಣಿಗೆ ಒಂದು ಮಾತು ಹೇಳಿ ಬರ್ತೀನಿ," ಎಂದಳು. ಮಗಳು ಬೋಗುಣಿಯಿದ್ದ ಕೈಚೀಲವನ್ನು ಎದೆಗವಚಿಕೊಂಡು ಮೇಲೆ ಹೋದಳು. ಒಗೆಯುವ ಜಾಗದ ಹಿಂದೆ ಲಾರಿಗಳು ಬರುವ ಗೇಟಿತ್ತು. ಅದರಾಚೆ ರಸ್ತೆ, ರಸ್ತೆ ದಾಟಿದರೆ ಬಸ್ಸು. ದೊಡ್ಡಕ್ಕ ಮೆಟ್ಟಿಲಿಳಿದು ನೇರ ಆ ಕಡೆ ನಡೆದಳು.

ಓಣಿಯ ನಡುವೆ ಟ್ರಾಲಿ ಅಡ್ಡ ನಿಂತಿತ್ತು. ಟ್ರಾಲಿಯವನು ತೋಳಿನಿಂದ ಬೆವರೊರೆಸಿಕೊಳ್ಳುತ್ತಿದ್ದ.

"ದಾರಿ ಬಿಡಪ್ಪ."

"ಎಲ್ಲಿ ಬಿಡ್ಲಿ, ಅಕ್ಕ? ಯಾರೋ ಪುಣ್ಯಾತ್ಮರು ಕೊಳವೆಗೆ ದಿಂಬು ತುರುಕಿದಾರೆ. ಅದಕ್ಕೆ ಗಂಟಲು ಕಟ್ಟಿದೆ. ಬಿಳೀದನ್ನೂ ನಾನೇ ಹೊರಬೇಕು ಇವತ್ತು, ಮಹಡಿ ಮಹಡಿಗೂ ಹೋಗಿ. ನನ್ನ ಸೊಂಟ ಯಾವ ಮಹಡೀಲಿ ಬಿತ್ತೋ ಗೊತ್ತಿಲ್ಲ."

ಗೋಡೆಗೆ ಮೈಯೊತ್ತಿ ಸರಿಯುತ್ತಿದ್ದ ದೊಡ್ಡಕ್ಕನ ಕಣ್ಣು ಬಿಳಿ ಚೀಲಗಳ ಕೊರಳಿನ ಬಿಲ್ಲೆಯ ಮೇಲೆ ಬಿತ್ತು. ನಾಲ್ಕು. ಪಕ್ಕದ್ದೂ ನಾಲ್ಕು. ಅದರ ಮೇಲಿನದೂ.

"ಇದೇನೋ, ನಾಲ್ಕರದ್ದನ್ನ ಬಿಳಿ ಚೀಲಕ್ಕೆ ತುಂಬಿದೀಯ? ಮೇಲ್ವಿಚಾರಕ ಕಂಡ್ರೆ ನಿನ್ನ ಚರ್ಮ ಸುಲೀತಾನೆ."

"ಬಿಳಿ ಚೀಲದ್ದು ಬಿಳಿ ಚೀಲಕ್ಕೇ ಅಲ್ವಾ?"

"ನಾಲ್ಕರದ್ದು ಹಳದಿ."

ಟ್ರಾಲಿಯವನು ಅವಳ ಮುಖ ನೋಡಿದ. ತಮಾಷೆ ಮಾಡುತ್ತಿಲ್ಲ ಎಂದು ತಿಳಿದಾಗ ಅವನಿಗೇ ನಗು ಬಂತು. "ಅಕ್ಕ, ಹಾಳಾಗಿದ್ದು ಮಾತ್ರ ಹಳದಿಗೆ ಹೋಗೋದು. ಎಲ್ಲ ಮಹಡೀಲೂ ಹಾಗೇನೆ. ನಾಲ್ಕರಲ್ಲಿ ದಿನಾ ಒಂದಿಬ್ಬರದ್ದು ಹಾಗಾಗುತ್ತೆ, ಪಾಪ. ಮಿಕ್ಕವರೆಲ್ಲ ಸುಮ್ನೆ ಬಂದು, ಕೂತು, ಸೂಜಿ ಚುಚ್ಚಿಸ್ಕೊಂಡು, ನಿದ್ದೆ ಮಾಡಿ ಹೋಗ್ತಾರೆ. ಅವರ ಹಾಸೆಲ್ಲ ಇಷ್ಟು ವರ್ಷ ಕೊಳವೇಲೇ ಇಳೀತಿತ್ತು. ನೀವು ಗೋಡೆ ಈಚೆ ಇದ್ರಿ, ನಿಮಗೆಲ್ಲಿ ಕಾಣ್ಬೇಕು?"

ಅವನು ಕೊಳವೆಯನ್ನು ಬೈಯುತ್ತ ನೀರು ಕುಡಿಯಲು ಹೋದ. ದೊಡ್ಡಕ್ಕ ಅಲ್ಲೇ ನಿಂತಳು. ಗೇಟು ತೆರೆದಿತ್ತು. ಅವಳು ಮೇಲಿನ ಚೀಲದ ದಾರ ಬಿಚ್ಚಿ ಒಂದು ಹಾಸನ್ನು ಎಳೆದುಕೊಂಡಳು. ಮೂಗಿಗೆ ಹಿಡಿದಳು. ಬೆವರು, ತಲೆಗೆ ಹಚ್ಚಿದ ಎಣ್ಣೆ, ಹಗಲು ನಿದ್ದೆಯ ಬೆಚ್ಚನೆಯ ಕಮಟು. ಎರಡನೆಯದರಲ್ಲಿ ಕೂದಲಿತ್ತು, ಒಂದೆರಡಲ್ಲ, ಬೆರಳಿಗೆ ಸುತ್ತುವಷ್ಟು. ಅದು ಬೆರಳಿಗೆ ಅಂಟಿಕೊಂಡಿತು, ಕೊಡವಿದರೂ ಬಿಡಲಿಲ್ಲ. ಮೂರನೆಯದನ್ನು ಬಿಡಿಸಿದಾಗ ಬಿಸ್ಕತ್ತಿನ ಪುಡಿ ಕಾಲ ಮೇಲೆಲ್ಲ ಉದುರಿತು. ಹಾಸಿನ ನಟ್ಟನಡುವೆ ಲೋಟ ಇಟ್ಟ ದುಂಡು ಕಲೆ, ಚಹಾದ್ದು.

"ಕೊಳಕರು," ಎಂದಳು ದೊಡ್ಡಕ್ಕ. "ಮಲಗೋ ಜಾಗದಲ್ಲಿ ಕೂತು ತಿಂದಿದಾರೆ. ಇರುವೆ ಮುತ್ತಲ್ವಾ?"

ಹಾಗಂದು ಆ ಹಾಸನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು. ಅಲ್ಲಿ ಯಾರೋ ಬಿಸ್ಕತ್ತು ತಿಂದಿದ್ದರು. ನರಕ್ಕೆ ಆ ಔಷಧ ಹನಿಯುತ್ತಿರುವಾಗಲೇ ಒಂದು ಕೈಯಲ್ಲಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿಂದಿದ್ದರು, ಲೋಟ ಇಡಲು ಜಾಗ ಸಿಗದೆ ತೊಡೆಯ ಪಕ್ಕದಲ್ಲಿಟ್ಟಿದ್ದರು.

"ಹಿಂದಿನ ಗೇಟಿಂದ ಓಡಿಹೋಗೋಕೆ ಬಂದಿದ್ದೆ, ಅಲ್ವಾ?"

ಗಿಣಿ ಹಳದಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕೈಗೆ ಮೊಣಕೈವರೆಗೆ ರಬ್ಬರ್ ಗವಸು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬಂದಿದ್ದೆ," ಎಂದಳು ದೊಡ್ಡಕ್ಕ. "ಬಾ ಇಲ್ಲಿ. ಒಂದು ಕೆಲಸ ಇದೆ."

ಮಡಿಸುವ ಮೇಜಿನ ಹತ್ತಿರ ಹೋಗಿ, ಇಸ್ತ್ರಿಯಾಗಿ ಬಂದ ಹಾಸುಗಳ ಸಾಲಿನಿಂದ ಒಂದನ್ನು ತೆಗೆದಳು. ತಾನೇ ನಿನ್ನೆ ಮಡಿಸಿದ್ದು. ಮೂಲೆಗೆ ಮೂಲೆ ಕೂಡಿದ್ದು ನೋಡಿದರೇ ತಿಳಿಯುತ್ತಿತ್ತು. ಮೇಜಿನ ಖಾನೆಯಿಂದ ಸೂಜಿಯನ್ನೂ ಕೆಂಪು ದಾರದ ಉಂಡೆಯನ್ನೂ ತೆಗೆದು, ಹಾಸಿನ ಮೂಲೆಗೆ ನಾಲ್ಕು ಹೊಲಿಗೆ ಹಾಕಿದಳು. ಗಿಣಿ ಮೂಗಿನ ಬಟ್ಟೆ ಇಳಿಸಿ ನೋಡುತ್ತಿದ್ದಳು. ಕೆಂಪು ದಾರದ ಅರ್ಥ ಅಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತು: ಇನ್ನು ಕೆಲಸಕ್ಕೆ ಬಾರದ ಬಟ್ಟೆ, ಒಗೆಯಬೇಡಿ, ಕುಲುಮೆಗೆ ಹಾಕಿ.

"ಹಾಸು ಚೆನ್ನಾಗೇ ಇದೆಯಲ್ಲ, ಅದಕ್ಯಾಕೆ ಕೆಂಪು ದಾರ?"

"ಇದು ನಂದು. ಮೇಲೆ ತಗೊಂಡು ಹೋಗ್ತೀನಿ, ಇದನ್ನೇ ಹಾಸಿ ಅಂತೀನಿ." ದೊಡ್ಡಕ್ಕ ಹೊಲಿಗೆಯಿಂದ ಕಣ್ಣೆತ್ತಲಿಲ್ಲ. "ಬಿಳೀಲಿ ಬಂದ್ರೆ ಬಂತು. ಹಳದೀಲಿ ಬಂದ್ರೆ ನಿನ್ನ ಕೈಗೇ ಬರುತ್ತೆ. ಬಂದ್ರೆ ಬಿಡಿಸಿ ನೋಡ್ಬೇಡ. ಮೂಲೇಲಿ ದಾರ ಕಂಡ ತಕ್ಷಣ ಹಾಗೇ ಬೆಂಕಿಗೆ ಹಾಕ್ಬಿಡು. ಇಷ್ಟು ವರ್ಷ ನಾನು ಅವರನ್ನೆಲ್ಲ ಏನೇನು ಅಂದಿದೀನಿ ನಿಂಗೆ ಗೊತ್ತು. ಅದನ್ನ ನಿನ್ನ ಬಾಯಲ್ಲಿ ಅನ್ನಿಸ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ. ಇದೊಂದು ಮಾಡು, ಮಹರಾಯ್ತಿ. ಬೇರೇನೂ ಕೇಳಲ್ಲ."

ಗಿಣಿ ಒದ್ದೆ ರಬ್ಬರ್ ಗವಸುಗಳನ್ನು ಕೈಯಿಂದ ಕಳಚಿ ನೆಲಕ್ಕೆ ಹಾಕಿದಳು. ಅಂಗೈಗಳನ್ನು ಸೆರಗಿನಲ್ಲಿ ಒರೆಸಿಕೊಂಡಳು. ಹಾಸನ್ನು ಅವಳ ಕೈಯಿಂದ ಕಿತ್ತುಕೊಂಡು, ಮೂಲೆಯನ್ನು ಬಾಯಿಗೆ ಹಿಡಿದು, ದಾರವನ್ನು ಹಲ್ಲಿನಿಂದ ಕಡಿದು ಎಳೆದಳು. ಒಂದೊಂದೇ ಹೊಲಿಗೆ ಬಿಚ್ಚಿ ಬಂತು. ತುಟಿಗಂಟಿದ ಕೆಂಪು ಎಳೆಯನ್ನು ಪಕ್ಕಕ್ಕೆ ಉಗುಳಿ, ಮಡಿಕೆ ಸರಿಮಾಡಿ, ಹಾಸನ್ನು ಮತ್ತೆ ದೊಡ್ಡಕ್ಕನ ತೋಳಿನ ಮೇಲಿಟ್ಟಳು.

"ಒಗೀತೀನಿ," ಎಂದಳು. "ವಾಂತಿ ಮಾಡ್ಕೊಂಡು ಒಗೀತೀನಿ, ನಿನ್ನ ಬೈಕೊಂಡು ಒಗೀತೀನಿ. ಸುಡಲ್ಲ."