ಕಿಟಕಿಗೆ ಬೆನ್ನು ಮಾಡಿದ ಕುರ್ಚಿ

ಹಾಸಿಗೆಯಿಂದ ಕಿಟಕಿಗೆ ಹನ್ನೊಂದು ಹೆಜ್ಜೆ. ದಿನಾ ಅವನನ್ನು ಎತ್ತಿ ಅಲ್ಲಿ ಬಿಸಿಲಿಗೆ ಕೂರಿಸಲು ಇಬ್ಬರು ಬೇಕು, ಕಾಲು ಗಂಟೆ ಬೇಕು, ಹೆಂಡತಿಯ ಸೊಂಟ ದಿನವಿಡೀ ನೋಯಬೇಕು. ಗಡಿಯಾರ ರಿಪೇರಿಯವನಿಗೆ ಪಾರ್ಶ್ವವಾಯು ಹೊಡೆದು ಎರಡು ವರ್ಷ. ಕೈಕಾಲು ಆಡವು, ಮಾತಿಲ್ಲ; ಕಣ್ಣು ಮಾತ್ರ ಚುರುಕು. ರೆಪ್ಪೆ ಒಮ್ಮೆ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಇಲ್ಲ.

ಆ ದಿನ ಮನೆಯಲ್ಲಿ ಯಾರೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಪುನರ್ವಸತಿ ಕೇಂದ್ರದವರು ಮೂರು ದಿನಕ್ಕೆಂದು ಕೊಟ್ಟಿದ್ದ, ತಲೆಗೆ ಹಾಕುವ ಟೋಪಿಯಿಂದ ನಡೆಯುವ ಮೋಟಾರು ಕುರ್ಚಿಗೆ ಅದೇ ಕೊನೆಯ ದಿನ. ಸಂಜೆಯೊಳಗೆ ಅವನು ನಡೆಸದಿದ್ದರೆ ಕುರ್ಚಿ ಇನ್ನೊಬ್ಬರ ಮನೆಗೆ.

"ಎರಡು ದಿನ ಅಲ್ಲಾಡ್ಲಿಲ್ಲ, ಇವತ್ತೇನು ಹಾರುತ್ತಾ?" ಅವನ ಅಣ್ಣ ಬಾಗಿಲಿಗೂ ಗೋಡೆಗೂ ಓಡಾಡುತ್ತಿದ್ದ. "ತಲೆಗೆ ಕರೆಂಟ್ ಕೊಡ್ತಾರಂತೆ. ಮನಸ್ಸಲ್ಲಿರೋದೆಲ್ಲ ಓದ್ತಾರಂತೆ."

"ಓದೋ ಹಾಗಿದ್ರೆ ಮೊದಲು ನಿಮ್ಮ ತಲೆಗೇ ಹಾಕ್ತಿದ್ದೆ ಭಾವ," ಎಂದಳು ಹೆಂಡತಿ. "ಬೀಗದ ಕೈ ಎಲ್ಲಿಟ್ರಿ ಅಂತ ಗೊತ್ತಾಗ್ತಿತ್ತು."

ಕೇಂದ್ರದಿಂದ ಬಂದಿದ್ದ ಸಿಸ್ಟರ್ ನಕ್ಕಳು. "ಕರೆಂಟೂ ಕೊಡಲ್ಲ, ಮನಸ್ಸೂ ಓದಲ್ಲ ಅಣ್ಣ. ಕುರ್ಚಿಗೆ ಹಾಕಿರೋ ಈ ಪರದೆ ಮೇಲೆ ನಾಲ್ಕು ಚೌಕ ನೋಡಿ: ಮುಂದೆ, ಎಡ, ಬಲ, ನಿಲ್ಲು. ಒಂದೊಂದೂ ಒಂದೊಂದು ವೇಗದಲ್ಲಿ ಮಿಣುಕುತ್ತೆ. ಇವರು ಯಾವುದನ್ನ ದಿಟ್ಟಿಸ್ತಾರೋ ಅದರ ವೇಗಕ್ಕೇ ಮೆದುಳಿನ ಹಿಂಭಾಗ ತಾಳ ಹಾಕುತ್ತೆ. ಟೋಪಿ ಆ ತಾಳ ಗುರುತಿಸುತ್ತೆ, ಅಷ್ಟೇ."

ಟೋಪಿ ಹಾಕಲು ಹೋದವಳು ಕೂದಲು ಮುಟ್ಟಿ ನಿಂತಳು. "ಅಕ್ಕಾ, ತಲೆಗೆ ಎಣ್ಣೆ ಹಚ್ಚಿದೀರಾ?"

"ದಿನಾ ಹಚ್ತೀನಿ. ಬಂದವರ ಮುಂದೆ ಕೆದರಿದ ತಲೇಲಿ ಕೂರಿಸ್ಲಾ?"

"ಎಣ್ಣೆ ಇದ್ರೆ ಟೋಪಿಗೆ ತಾಳ ಸರಿಯಾಗಿ ಸಿಗಲ್ಲ!"

ಮೊದಲೆರಡು ದಿನ ಬಂದಿದ್ದ ಮೆಕ್ಯಾನಿಕ್ ಕುರ್ಚಿಯನ್ನು ನೋಡಿದ್ದನೇ ಹೊರತು ತಲೆಯನ್ನು ಮುಟ್ಟಿ ನೋಡಿರಲಿಲ್ಲ. ತಲೆ ತೊಳೆದು ಒಣಗಿಸುವಷ್ಟರಲ್ಲಿ ಗಂಟೆ ನಾಲ್ಕು.

ಮತ್ತೆ ಟೋಪಿ. ಕುರ್ಚಿ ಒಮ್ಮೆ ಅಲುಗಿತು.

"ಎಡಕ್ಕೆ ನೋಡೋ! ಕಿಟಕಿ ಕಡೆ! ಬಿಸಿಲು ಬೇಕಲ್ವೇನೋ!" ಅಣ್ಣ ಕೂಗಿದ. ತಮ್ಮನ ಕಣ್ಣು ಪರದೆ ಬಿಟ್ಟು ಅಣ್ಣನತ್ತ ಹೊರಳಿತು. ಕುರ್ಚಿ ನಿಂತಿತು.

"ಕೂಗಿದ್ರೆ ಅವರು ನಿಮ್ಮನ್ನೇ ನೋಡ್ತಾರೆ. ನೀವೇನು ಚೌಕಾನಾ?" ಎಂದಳು ಸಿಸ್ಟರ್.

"ಕೂದಲೆಳೆಯಂಥ ಸ್ಪ್ರಿಂಗನ್ನ ಮಧ್ಯಾಹ್ನವೆಲ್ಲ ನೋಡ್ತಾ ಕೂರ್ತಿದ್ದೋರು ಇವರು," ಎಂದಳು ಹೆಂಡತಿ. "ನಾವು ಬಾಯಿ ಮುಚ್ಚಿದ್ರೆ ಸಾಕು."

ಮುಚ್ಚಿದರು. ಕುರ್ಚಿ ಬಲಕ್ಕೆ ತಿರುಗಿತು. ಕಿಟಕಿಗೆ ಬೆನ್ನು ಮಾಡಿ ಆರು ಹೆಜ್ಜೆ ಸಾಗಿ, ಬಟ್ಟೆ ಮುಚ್ಚಿಟ್ಟಿದ್ದ ಅವನ ಕೆಲಸದ ಮೇಜಿನ ಮುಂದೆ ನಿಂತಿತು.

"ಕಿಟಕಿ ಬೇಡ್ವಾ?" ಹೆಂಡತಿ ಬಗ್ಗಿ ಕೇಳಿದಳು. ರೆಪ್ಪೆ ಎರಡು ಸಲ ಮುಚ್ಚಿತು.

"ಬಿಸಿಲು ಕಣ್ಣಿಗೆ ಹೊಡೀತಿತ್ತಾ? ಇಷ್ಟು ದಿನಾನೂ?"

ರೆಪ್ಪೆ ಒಮ್ಮೆ ಮುಚ್ಚಿತು.

ಅಣ್ಣ ಆ ದಿನ ಮೊದಲ ಸಲ ಕುಳಿತ. "ನಾವು ಕೇಳೇ ಇರ್ಲಿಲ್ಲ." ಆಮೇಲೆ ಎದ್ದು ಮೇಜಿನ ಬಟ್ಟೆ ತೆಗೆದ. "ಕುರ್ಚಿ ಇಲ್ಲೇ ಇರ್ಲಿ ಸಿಸ್ಟರ್. ಎಣ್ಣೆ ಬಾಟಲಿ ನಾನೇ ಬಚ್ಚಿಡ್ತೀನಿ."

"ಬೀಗದ ಕೈ ಪಕ್ಕದಲ್ಲಾ?" ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ.

ನಿಮ್ಮ ಮನೆಯಲ್ಲೂ ಹೀಗೆ ಮಲಗಿದವರಿದ್ದರೆ ಹತ್ತಿರದ ಪುನರ್ವಸತಿ ಕೇಂದ್ರದಲ್ಲಿ ವಿಚಾರಿಸಿ. ಇಂಥ ಕುರ್ಚಿಗಳು ಇನ್ನೂ ಹೆಚ್ಚಾಗಿ ಪರೀಕ್ಷೆಯ ಹಂತದಲ್ಲಿವೆ. ಎಲ್ಲೆಡೆ ಸಿಗವು, ಎಲ್ಲರಿಗೂ ಒಗ್ಗವು. ಮೂರ್ಛೆ ರೋಗವಿದ್ದರೆ ಮೊದಲೇ ಹೇಳಿ, ಮಿಣುಕುವ ಬೆಳಕು ಅಪಾಯ ತರಬಹುದು. ಕುರ್ಚಿ ನಿಲ್ಲಿಸಲು ಒಬ್ಬರು ಪಕ್ಕದಲ್ಲೇ ಇರಿ. ಆದರೆ ಕುರ್ಚಿ ಸಿಗುವವರೆಗೆ ಕಾಯಬೇಡಿ. ಎಲ್ಲಿ ಕೂರಬೇಕೆಂದು ಅವರನ್ನೇ ಕೇಳಿ, ಇವತ್ತೇ.

ಗಡಿಯಾರದವನಿಗೆ ಮಾತು ಮರಳಲಿಲ್ಲ, ಕೈ ಮರಳಲಿಲ್ಲ. ತಾನೇ ಆರಿಸಿಕೊಂಡ ಆರು ಹೆಜ್ಜೆ ದಾರಿ ಸಿಕ್ಕಿತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತ ಎರಡು ವರ್ಷ ಮಾತ್ರ ಮರಳಿ ಸಿಗಲಿಲ್ಲ.